ಪಪಾ ಹೋಗಿ ಪಾಪ

ಎಂಟುನೂರು ಡಿಗ್ರಿ ಶಾಖದಲ್ಲಿ ಗಾಜು ಬೇಯಿಸುವುದು ನನಗೆ ಒಂದು ಲೆಕ್ಕವೇ ಅಲ್ಲ ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದಾಗ, ನನ್ನ ಹೆಂಡತಿ ಮಿರ್ತಾಳ ಸೂಪಿನ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ನಿವೃತ್ತನಾಗುವವರೆಗೂ ಊರಿನ ಮಕ್ಕಳ ತಲೆಯೊಳಗೆ ವ್ಯಾಕರಣವನ್ನು ಇಳಿಸಿದವನು ನಾನು. ಅದಕ್ಕಿಂತ ಗಟ್ಟಿಯಾದ ವಸ್ತುವನ್ನು ಕರಗಿಸುವ ಪ್ರಮೇಯ ಈ ಜಗತ್ತಿನಲ್ಲಿ ಬೇರೆ ಯಾರಿಗೂ ಬಂದಿರಲಾರದು!

"ಮುದುಕಾ, ಗಾಜು ನಿನ್ನ ಶಾಲೆಯ ಹುಡುಗ ಅಲ್ಲ. ಗದರಿದ್ರೆ ಕೂತ್ಕೊಳ್ಳಲ್ಲ" ಎಂದಳು ಮಿರ್ತಾ.

ನಮ್ಮ ಊರಾದ ಬಾಲ್ಕಾರ್ಸೆಯಲ್ಲಿ ಮದುವೆಯಾದ ಮರುವರ್ಷದಿಂದಲೇ ಗಂಡ ಮುದುಕ, ಹೆಂಡತಿ ಮುದುಕಿ. ಅದು ಪ್ರೀತಿಯ ಮಾತು. ನಮ್ಮಿಬ್ಬರ ವಿಷಯದಲ್ಲಿ ಈಗ ನಿಜವೂ ಆಗಿದೆ, ಅಷ್ಟೆ.

ಮಿರ್ತಾ ಗಾಜಿನ ಕಲಾವಿದೆ. ಹಿಂದೆ ಕಾರು ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಅವಳ ವಿದ್ಯುತ್ ಗೂಡು ಇದೆ, ಕಾರು ಬೀದಿಯಲ್ಲಿದೆ. ಕಿಟಕಿಯ ಗಾಜನ್ನು ಕತ್ತರಿಸಿ, ಬಣ್ಣ ಹಾಕಿ, ಒಂದರ ಮೇಲೊಂದು ಇಟ್ಟು ಆ ಗೂಡಿನಲ್ಲಿ ಕರಗಿಸಿ ಬೆಸೆಯುತ್ತಾಳೆ. ಅವಳು ಮಾಡಿದ ತಟ್ಟೆಗಳು ಊರಿನ ಅರ್ಧ ಮನೆಗಳಲ್ಲಿವೆ. ಅವಳ ತಂದೆ ಡಾನ್ ಎವಾರಿಸ್ತೊ ಅವರಿಗೆ (ಡಾನ್ ಎಂದರೆ ನಮ್ಮಲ್ಲಿ ಹಿರಿಯರ ಹೆಸರಿನ ಮುಂದಿಡುವ ಗೌರವ) ಬರುವ ಭಾನುವಾರ ಎಂಬತ್ತು ತುಂಬುವುದಿತ್ತು. ಉಡುಗೊರೆಯಾಗಿ ಒಂದು ಗಾಜಿನ ಫಲಕವನ್ನು ಅವಳೇ ಮಾಡಬೇಕೆಂದಿದ್ದಳು. ನಾನು ಅಡ್ಡಬಂದೆ. ಅದನ್ನು ನನ್ನ ಕೈಯಾರೆ ನಾನೇ ಮಾಡುವೆನೆಂದೆ.

"ಕೈಯಾರೆ" ಎಂಬ ಮಾತಿನಲ್ಲಿಯೇ ಎಲ್ಲ ಇತ್ತು. ನನ್ನ ಮಾವನವರು ಜೀವನವಿಡೀ ಆಲೂಗಡ್ಡೆ ಬೆಳೆದವರು. ಅವರ ಅಂಗೈ ಎಂದರೆ ಉತ್ತ ಹೊಲವೇ. ಮದುವೆಯ ದಿನ ನನ್ನ ಕೈ ಕುಲುಕಿದವರು, ಅದನ್ನು ಬಿಡದೆ ಮಗುಚಿ ಅಂಗೈ ನೋಡಿ, "ಮೇಷ್ಟ್ರೇ, ಇದು ಕೈಯೋ ಬ್ರೆಡ್ಡೋ?" ಎಂದು ಕೇಳಿದ್ದರು. ಅಂದಿನಿಂದ ಇಂದಿನವರೆಗೆ ಪ್ರತಿ ಭಾನುವಾರ ಅವರ ಹಿತ್ತಲಿನಲ್ಲಿ ಕೆಂಡದ ಮೇಲೆ ಮಾಂಸ ಬೇಯುತ್ತದೆ. ಆ ಕೆಂಡದ ಹತ್ತಿರ ಸುಳಿಯಲು ನನಗೆ ಅಪ್ಪಣೆಯಿಲ್ಲ. ಅವರ ಕಬ್ಬಿಣದ ಇಕ್ಕಳವನ್ನು ಮುಟ್ಟುವ ಮಾತಂತೂ ದೂರ. ನನ್ನ ಪಾಲಿಗೆ ಬಂದ ಕೆಲಸ ಅಡುಗೆಮನೆಯಲ್ಲಿ ಸೊಪ್ಪು ತೊಳೆಯುವುದು. ಇಷ್ಟು ವರ್ಷ ಆ ಮನುಷ್ಯ ನನ್ನ ಕೈಯಿಂದ ಸೊಪ್ಪು ತೊಳೆಸಿದರೇ ಹೊರತು ಒಮ್ಮೆಯೂ ನನಗೆ ಸೊಪ್ಪು ಹಾಕಲಿಲ್ಲ! ಈ ಫಲಕವೊಂದನ್ನು ಮಾಡಿ ಅವರ ಕೈಗಿಟ್ಟರೆ, ಆ ಇಕ್ಕಳವನ್ನು ಅರೆಗಳಿಗೆಯಾದರೂ ನನ್ನ ಕೈಗೆ ಕೊಟ್ಟಾರೆಂಬುದು ನನ್ನ ಆಸೆ.

ಫಲಕದ ಮೇಲೆ ಏನಿರಬೇಕು? ಮಿರ್ತಾ ಹೂವು ಎಂದಳು. ನಾನು ಅಕ್ಷರ ಎಂದೆ. ಅಪ್ಪ ಎಂಬುದಕ್ಕೆ ನಮ್ಮ ಭಾಷೆಯಲ್ಲಿ "ಪಪಾ". ನಮ್ಮ ರೋಮನ್ ಲಿಪಿಯಲ್ಲಿ ಬರೆಯಲು ನಾಲ್ಕೇ ಅಕ್ಷರ, papá, ಕೊನೆಯ ಅಕ್ಷರದ ತಲೆಯ ಮೇಲೆ ಒಂದು ಓರೆಗೀರು. ಆ ಗೀರೇ ಮುಖ್ಯ. ಗೀರಿದ್ದರೆ ಪಪಾ, ಅಂದರೆ ಅಪ್ಪ. ಗೀರು ಹೋಯಿತೋ, ಅದು "ಪಾಪ", ಅಂದರೆ ಆಲೂಗಡ್ಡೆ. ಈ ಊರಿನಲ್ಲಿ ಆ ಗೀರನ್ನು ಹಾಕದೆ ತಮ್ಮ ತಂದೆಯನ್ನು ಆಲೂಗಡ್ಡೆ ಮಾಡಿದ ಮಕ್ಕಳು ಎಷ್ಟೋ ಮಂದಿ. ಪ್ರತಿಯೊಬ್ಬರದೂ ಅಂಕ ಕಳೆದಿದ್ದೇನೆ. ಅವರಲ್ಲಿ ಕೆಲವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ, ಬೀದಿಯಲ್ಲಿ ಸಿಕ್ಕರೆ ಇಂದಿಗೂ ನಗುತ್ತಾ ಗಾಳಿಯಲ್ಲಿ ಒಂದು ಗೀರೆಳೆದು ತೋರಿಸಿ ಹೋಗುತ್ತಾರೆ.

ಮೊದಲ ಪಾಠ ಕತ್ತರಿಸುವುದು. ತುದಿಯಲ್ಲಿ ಪುಟ್ಟ ಚಕ್ರವಿರುವ ಕಡ್ಡಿಯಿಂದ ಗಾಜಿನ ಮೇಲೆ ಒಂದೇ ಗೆರೆ ಎಳೆದು, ಆಮೇಲೆ ಎರಡೂ ಹೆಬ್ಬೆರಳಿಟ್ಟು ಮೆಲ್ಲಗೆ ಮುರಿಯಬೇಕು. ಎಳೆದದ್ದರ ಮೇಲೆ ಮತ್ತೆ ಎಳೆಯಬಾರದು ಎಂದು ಮಿರ್ತಾ ಮೊದಲೇ ಹೇಳಿದ್ದಳು. ನಾನೋ, ಕರಿಹಲಗೆಯ ಮೇಲೆ ಮುಖ್ಯ ಪದಗಳಿಗೆಲ್ಲ ಎರಡೆರಡು ಅಡಿಗೆರೆ ಎಳೆದು ರೂಢಿಯಾದವನು. ಎರಡನೆಯ ಗೆರೆಯನ್ನೂ ಎಳೆದೆ. ಗಾಜು ನಾನು ತೋರಿಸಿದ ದಾರಿಯನ್ನು ಬಿಟ್ಟು, ಪಟಗೋನಿಯಾದ ಅಂಕುಡೊಂಕು ಕರಾವಳಿಯಂತೆ ತನಗೆ ತೋಚಿದ ಹಾಗೆ ಸೀಳಿಕೊಂಡು ಹೋಯಿತು. ಮನೆಯ ಒಡೆಯ ಎಂದ ಮೇಲೆ ಒಡೆಯದೆ ಇದ್ದರೆ ಆ ಹೆಸರಿಗೆ ಅರ್ಥವೇನು?

ಅಂತೂ ಒಂದೇ ಅಳತೆಯ ಎರಡು ಹಾಳೆ ಗಾಜು ಸಿದ್ಧವಾದವು, ಫಲಕದ ತಳಕ್ಕೆ. ಅಕ್ಷರಕ್ಕೆ ಬಣ್ಣ ಬಳಿಯುವುದೇಕೆ, ಖಾಲಿಯಾದ ವೈನ್ ಬಾಟಲಿಯ ಹಸಿರು ಇರುವಾಗ, ಎಂಬುದು ನನಗೆ ಹೊಳೆದ ಮಹಾ ಉಪಾಯ. ಬಾಟಲಿಯನ್ನು ಚೀಲದಲ್ಲಿಟ್ಟು ಕುಟ್ಟಿ, ಚೂರುಗಳನ್ನು ಜೋಡಿಸಿ ಅಕ್ಷರ ಮಾಡಿದೆ. ಗೂಡಿನ ಮುಚ್ಚಳ ಹಾಕುವ ಹೊತ್ತಿಗೆ ಮಿರ್ತಾ ಬಂದು ಇಣುಕಿದಳು.

"ಕಿಟಕಿ ಗಾಜೂ ಬಾಟ್ಲಿ ಗಾಜೂ ಒಟ್ಟಿಗೆ ಬಾಳಲ್ಲ ಕಣೋ. ಒಂದು ಹಿಗ್ಗೋ ಹಾಗೆ ಇನ್ನೊಂದು ಹಿಗ್ಗಲ್ಲ, ಒಂದು ಕುಗ್ಗೋ ಹಾಗೆ ಇನ್ನೊಂದು ಕುಗ್ಗಲ್ಲ."

"ಹಾಗಾದ್ರೆ ನಾವಿಬ್ರು ಇಷ್ಟು ವರ್ಷ ಹೇಗೆ ಬಾಳಿದ್ವಿ?"

"ನಾನು ನಿಧಾನಕ್ಕೆ ತಣ್ಣಗಾಗ್ತಿದ್ದೆ, ಅದಕ್ಕೆ" ಎಂದಳು ಮಿರ್ತಾ. "ಸರಿ, ಸುಡು. ನೋಡಿಯೇ ಕಲಿ."

ಮರುದಿನ ಗೂಡು ತಣ್ಣಗಾದ ಮೇಲೆ ಫಲಕವನ್ನು ತೆಗೆದರೆ, ಅಬ್ಬಾ, ಪಚ್ಚೆಯ ಅಕ್ಷರಗಳು! ಅದನ್ನು ತಂದು ಮೇಜಿನ ಮೇಲೆ ಒರಗಿಸಿಟ್ಟು, 'ಮಾತೆ' ಎಂಬ ಎಲೆಯ ಕಷಾಯ ಹೀರುತ್ತ, ವೈನ್ ಬಾಟಲಿಯ ಗುಣಗಾನವನ್ನು ಶುರುಮಾಡಿದೆ. ಅದು ಮುಗಿದಿರಲಿಲ್ಲ. ಟಿಣ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಂದು ಟಿಣ್. ಬಿರುಕು ಬಹಳ ಶಿಸ್ತಿನಿಂದ, ಅಕ್ಷರದ ಅಂಚನ್ನೇ ಹಿಡಿದು, ಓದುತ್ತ ಹೋಗುವ ಹುಡುಗನ ಬೆರಳಿನಂತೆ ಎಡದಿಂದ ಬಲಕ್ಕೆ ಸಾಗಿತು. ಮಿರ್ತಾ ಕಷಾಯದ ಸೋರೆಬುರುಡೆಗೆ ಬಿಸಿನೀರು ತುಂಬಿ ನನ್ನ ಕೈಗಿತ್ತಳು.

ಎರಡನೆಯ ಸಲ ಅಕ್ಷರಗಳನ್ನೂ ಕಿಟಕಿಯ ಗಾಜಿನಿಂದಲೇ ಕತ್ತರಿಸಿ, ಒಳ್ಳೆಯ ಹುಡುಗನಂತೆ ನೀಲಿ ಬಣ್ಣ ಹಚ್ಚಿದೆ. ಬೆರಳಿನ ಗುರುತು ಉಳಿಯದಂತೆ ಸ್ಪಿರಿಟ್ಟಿನಲ್ಲಿ ಒರೆಸಿದೆ. ಆ ಸಂಭ್ರಮದಲ್ಲಿ ಒಂದನ್ನು ಮರೆತೆ. ಗೂಡಿನೊಳಗಿನ ಹಲಗೆಗೆ ಒಂದು ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯಬೇಕು, ಕಾವಲಿಗೆ ಎಣ್ಣೆ ಸವರುವ ಹಾಗೆ. ಇಲ್ಲದಿದ್ದರೆ ಕರಗಿದ ಗಾಜು ಹಲಗೆಯನ್ನು ಬಿಡುವುದಿಲ್ಲ. ಬಿಡಲಿಲ್ಲ. ಜೀವಾತ್ಮ ಪರಮಾತ್ಮನಲ್ಲಿ ಲೀನವಾದಂತೆ ಫಲಕವು ಹಲಗೆಯಲ್ಲಿ ಲೀನವಾಗಿತ್ತು! ಅದು ಮಿರ್ತಾಳ ಅತ್ಯಂತ ಸಮತಟ್ಟಾದ, ಅತ್ಯಂತ ಪ್ರೀತಿಯ ಹಲಗೆ. ಉಳಿಯೂ ಸುತ್ತಿಗೆಯೂ ಹಿಡಿದು ಸ್ವಲ್ಪ ಹೊತ್ತು ಹೋರಾಡಿದವಳು, ಎರಡನ್ನೂ ಕೆಳಗಿಟ್ಟು ನಿಟ್ಟುಸಿರುಬಿಟ್ಟಳು.

"ಗೂಡಿನ ಸಮೇತ ಅಪ್ಪನಿಗೆ ಕೊಟ್ಟುಬಿಡೋಣ. ಲಾರಿ ಹೇಳು" ಎಂದಳು.

ತಾನೇ ಮಾಡುತ್ತೇನೆ, ನೀನು ಬಿಡು ಎಂದು ಅವಳು ಮತ್ತೆ ಕೇಳಿಕೊಂಡಳು. ಇನ್ನು ಉಳಿದಿದ್ದದ್ದು ಒಂದು ಸಲ ಸುಟ್ಟು ತಣಿಸುವಷ್ಟು ವೇಳೆ ಮಾತ್ರ. ಈ ಸಲವೂ ಕೆಟ್ಟರೆ ಅಂಗಡಿಯಿಂದ ಒಂದು ಟೋಪಿ ಕೊಂಡುಕೊಂಡು ಹೋಗಬೇಕು. ನಾನು ಸಾಯುವವರೆಗೂ ಸೊಪ್ಪು ತೊಳೆಯಬೇಕು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಮಿರ್ತಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಎರಡನೆಯ ಹಲಗೆಯನ್ನು ತಂದು, ಬಿಳಿ ಪುಡಿಯ ಡಬ್ಬಿಯನ್ನು ನನ್ನ ಮೂಗಿನ ಕೆಳಗಿಟ್ಟಳು.

ಮೂರನೆಯ ಸಲ ನಾನು ವಿಧೇಯತೆಯ ಅವತಾರವಾಗಿದ್ದೆ. ಹಲಗೆಗೆ ಪುಡಿ ಬಳಿದೆ. ಒಂದೇ ಗೆರೆ ಎಳೆದೆ. ಅಕ್ಷರಗಳು ಜಾರದಂತೆ ಪ್ರತಿಯೊಂದಕ್ಕೂ ತೊಟ್ಟು ತೊಟ್ಟು ಅಂಟು ಹಾಕಿ ಕೂರಿಸಿದೆ. ಎಲ್ಲಕ್ಕಿಂತ ಕೊನೆಯಲ್ಲಿ ಓರೆಗೀರು, ಭತ್ತದ ಕಾಳಿನಷ್ಟು ನೀಲಿ ಗಾಜು. ಅಷ್ಟು ಹೊತ್ತಿಗೆ ಅಂಟು ತೀರುತ್ತ ಬಂದಿತ್ತು. ಕೊಳವೆಯನ್ನು ಹಿಂಡಿ ಬಂದಷ್ಟನ್ನು ಸವರಿ, ಗೀರನ್ನು ಅದರ ಸಿಂಹಾಸನದಲ್ಲಿ ಕುಳ್ಳಿರಿಸಿದೆ. ಫಲಕ ಗೂಡಿನೊಳಗೆ ಹೋಯಿತು. ಮುಚ್ಚಳವನ್ನು ಮೆಲ್ಲಗೆ ಹಾಕು ಎಂದು ಮಿರ್ತಾ ಹೇಳುತ್ತಿದ್ದಂತೆಯೇ, ಪಾಠ ಮುಗಿಸಿ ಪುಸ್ತಕ ಮುಚ್ಚುವ ಹಳೆಯ ಗತ್ತಿನಲ್ಲಿ ನಾನು ಅದನ್ನು ದಢಕ್ಕನೆ ಹಾಕಿಬಿಟ್ಟಿದ್ದೆ.

ಗೂಡಿಗೆ ಶಾಖ ಕೊಡುವುದು ಸುಲಭ, ಮುಟ್ಟದೆ ಬಿಡುವುದು ಕಷ್ಟ. ಬೆಂದ ಗಾಜು ಒಳಗೇ ನಿಧಾನವಾಗಿ ತಣಿಯಬೇಕು. ಆತುರಪಟ್ಟು ಮುಚ್ಚಳ ಎತ್ತಿದರೆ ತಂಗಾಳಿ ತಗುಲಿ ಸೀಳುತ್ತದೆ. ಒಂದೇ ಒಂದು ಸಲ, ಕೂದಲೆಳೆಯಷ್ಟು, ಇಣುಕಲೇ ಎಂದು ನಾನು ಎಷ್ಟು ಸಲ ಕೇಳಿದೆನೋ. ಮಿರ್ತಾ ಗೂಡಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಮೊಟ್ಟೆಗೆ ಕಾವು ಕೊಡುವ ಹಕ್ಕಿಯಂತೆ ಕುಳಿತು, ಉಣ್ಣೆ ಹೆಣೆಯತೊಡಗಿದಳು. ಅದು ನಿಜವಾಗಿಯೂ ಗೂಡು ಎನಿಸಿದ್ದು ಆಗಲೇ.

ಭಾನುವಾರ ಬೆಳಿಗ್ಗೆ ಅಂಗೈಯಿಟ್ಟು ನೋಡಿ, ತಣ್ಣಗಿದೆ, ತೆಗಿ ಎಂದಳು. ತೆಗೆದೆ. ಬಿರುಕಿಲ್ಲ, ಗುಳ್ಳೆಯಿಲ್ಲ, ಹಲಗೆಗೆ ಅಂಟಿಲ್ಲ. ತಿಳಿನೀರಿನಲ್ಲಿ ತೇಲಿದಂತೆ ನಾಲ್ಕು ನೀಲಿ ಅಕ್ಷರಗಳು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಓರೆಗೀರು ಇರಲಿಲ್ಲ.

ಹಲಗೆಯ ಮೂಲೆಯಲ್ಲಿ ಮೆಣಸಿನ ಕಾಳಿನಂಥ ಒಂದು ನೀಲಿ ಮಣಿ ಕುಳಿತಿತ್ತು. ನಾನು ಮುಚ್ಚಳ ಬಡಿದ ಹೊಡೆತಕ್ಕೆ ಗೀರು ಉರುಳಿ ಹೋಗಿ, ಒಂಟಿಯಾಗಿ ಬೆಂದು, ದುಂಡಗಾಗಿತ್ತು. ಮಿರ್ತಾ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಇದೇನು ಎಂದಳು.

"ನಿಮ್ಮಪ್ಪನ ಅಪ್ಪತನ" ಎಂದೆ.

ಊರಿನ ಮಕ್ಕಳ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದವನು ಕಡೆಗೆ ನಾನೇ ಪಾಪ ಮಾಡಿದ್ದೆ. ಅದೂ ಗಾಜಿನಲ್ಲಿ, ಅಳಿಸುವಂತೆಯೂ ಇರಲಿಲ್ಲ! ಎಂಬತ್ತರ ಹಿರಿಯರಿಗೆ, ಅದೂ ಜೀವಮಾನವೆಲ್ಲ ಪಾಪದ ಮೂಟೆ ಹೊತ್ತವರಿಗೆ, ಹುಟ್ಟುಹಬ್ಬದ ದಿನ "ಆಲೂಗಡ್ಡೆ" ಎಂದು ಬರೆದುಕೊಟ್ಟರೆ ಗೇಲಿಯಲ್ಲದೆ ಮತ್ತೇನು? ಮಿರ್ತಾ ಕಪಾಟಿನಿಂದ ಗಟ್ಟಿ ಅಂಟನ್ನು ತಂದು ಮಣಿಯನ್ನು ಕೊನೆಯ ಅಕ್ಷರದ ಮೇಲೆ ಅಂಟಿಸಿದಳು. ಗೀರಿನ ಬದಲು ಬೊಟ್ಟು. ದೂರದಿಂದ ನೋಡಿದರೆ ಗೀರು ಅನ್ನಿಸುತ್ತದೆ, ಅಪ್ಪನ ಕಣ್ಣೂ ಅಷ್ಟಕ್ಕಷ್ಟೆ ಎಂದು ಸಮಾಧಾನ ಹೇಳಿದಳು.

ಮಾವನವರ ಮನೆಗೆ ಹೋಗುವುದು ಆಲೂಗಡ್ಡೆ ಹೊಲಗಳ ನಡುವಿನ ಮಣ್ಣಿನ ರಸ್ತೆಯಲ್ಲಿ. ನಮ್ಮ ಕಾರು ಹಳೆಯದು, ಹಳ್ಳಗಳು ಅದಕ್ಕಿಂತ ಹಳೆಯವು. ಫಲಕವನ್ನು ಹೊದಿಕೆಯಲ್ಲಿ ಸುತ್ತಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಹಿತ್ತಲಿಗೆ ಹೋಗಿ, ಇಕ್ಕಳ ಹಿಡಿದು ಕೆಂಡದ ಮುಂದೆ ನಿಂತಿದ್ದ ಹಿರಿಯರ ಎದುರಿಗೆ ಹೊದಿಕೆ ಬಿಚ್ಚಿದೆ. ಕೊನೆಯ ಅಕ್ಷರದ ಮೇಲೆ ಒಣಗಿದ ಅಂಟಿನ ಕಲೆ ಮಾತ್ರವಿತ್ತು.

ಡಾನ್ ಎವಾರಿಸ್ತೊ ಇಕ್ಕಳವನ್ನು ಗೋಡೆಗೆ ಒರಗಿಸಿದರು. ಕೈಯನ್ನು ಷರಾಯಿಗೆ ಒರೆಸಿಕೊಂಡು ಫಲಕವನ್ನು ತೆಗೆದುಕೊಂಡರು. ಆ ಒರಟು ಬೆರಳು ಒಂದೊಂದೇ ಅಕ್ಷರವನ್ನು ಸವರುತ್ತ ಹೋಗಿ ಕೊನೆಯದರ ಮೇಲೆ ನಿಂತಿತು.

"ಯಾರು ಮಾಡಿದ್ದು?"

"ಅವರೇ, ಅಪ್ಪಾ. ಪೂರ್ತಿ ಅವರೇ" ಎಂದಳು ಮಿರ್ತಾ.

ನಾನು ಗಂಟಲು ಸರಿಪಡಿಸಿಕೊಂಡು, "ಡಾನ್ ಎವಾರಿಸ್ತೊ, ಅಲ್ಲಿ ಒಂದು ಗೀರು..." ಎಂದು ಬಾಯಿ ತೆರೆಯುವಷ್ಟರಲ್ಲಿ ಮಿರ್ತಾಳ ಹಿಮ್ಮಡಿ ನನ್ನ ಪಾದದ ಮೇಲೆ ಬಿತ್ತು.

"ಮಕ್ಕಳು ಕೊಟ್ಟ ಕಪ್ಪಿನ ಮೇಲೆ ಅಪ್ಪ, ಚಾಕುವಿನ ಹಿಡಿ ಮೇಲೆ ಅಪ್ಪ, ಹೋದ ವರ್ಷ ಚಪ್ಪಲಿ ಮೇಲೂ ಅಪ್ಪ" ಎಂದರು ಹಿರಿಯರು. "ಅಪ್ಪ ಆಗೋದು ಏನು ಮಹಾ, ಮೇಷ್ಟ್ರೇ? ಯಾರು ಬೇಕಾದ್ರೂ ಆಗ್ತಾರೆ. ಆಲೂಗಡ್ಡೆ ಬೆಳೀಲಿ ನೋಡೋಣ. ಅದನ್ನ ಬರೆದುಕೊಡ್ಬೇಕು ಅಂತ ನನ್ನ ಮಕ್ಕಳಿಗೂ ಹೊಳೀಲಿಲ್ಲ."

ಅವರ ಕಣ್ಣು ಒದ್ದೆಯಾಗಿತ್ತು. ಅದು ಹೊಗೆಗೆ ಎಂದು ಅವರೇ ಹೇಳಿದರು. ಫಲಕ ಕೆಂಡದ ಒಲೆಯ ಮೇಲಿನ ಗೋಡೆಯಲ್ಲಿ, ಎಲ್ಲರಿಗೂ ಕಾಣುವಂತೆ ಮೊಳೆಯೇರಿತು. ನಾನು ಅಭ್ಯಾಸಬಲದಿಂದ ಸೊಪ್ಪಿನ ಬುಟ್ಟಿಯ ಕಡೆಗೆ ಹೊರಟಿದ್ದೆ. ಹಿಂದಿನಿಂದ ಭುಜಕ್ಕೆ ಏನೋ ತಾಗಿತು. ತಿರುಗಿದರೆ ಇಕ್ಕಳ, ಹಿಡಿಯನ್ನು ನನ್ನ ಕಡೆಗೆ ಚಾಚಿ. ಮಾಂಸವನ್ನು ಮುಟ್ಟಕೂಡದು, ಬೂದಿಯಲ್ಲಿ ಹುಗಿದ ಆಲೂಗಡ್ಡೆಯನ್ನು ಮಾತ್ರ ತಿರುವಬಹುದು ಎಂದು ಅಪ್ಪಣೆಯಾಯಿತು.

ಸೊಪ್ಪಿನಿಂದ ಗಡ್ಡೆಗೆ ಬಡ್ತಿ! ಕಬ್ಬಿಣ ಕೈಯಲ್ಲಿ ಬಿಸಿಯಾಗಿತ್ತು. ವ್ಯಾಕರಣ ಹಾಳಾಗಿ ಹೋಗಲಿ, ಆ ಗೀರಿನ ಸುದ್ದಿಯನ್ನು ಇನ್ನು ಎತ್ತುವುದಿಲ್ಲವೆಂದು ನಿಶ್ಚಯಿಸಿ, ಬೂದಿಯ ಮುಂದೆ ಸೊಂಟ ಬಗ್ಗಿಸಿ ಹೆಮ್ಮೆಯಿಂದ ನಿಂತೆ. ಆಗ ಹಿರಿಯರು ನನ್ನ ಪಕ್ಕಕ್ಕೆ ಬಂದು, ಗೋಡೆಯ ಕಡೆಗೆ ತಲೆಯೆತ್ತಿ, ದನಿ ತಗ್ಗಿಸಿದರು.

"ಮೇಷ್ಟ್ರೇ, ಯಾರ ಮುಂದೂ ಹೇಳ್ಬಾರದು ಅಂತ ಸುಮ್ಮನಿದ್ದೆ. ನಿಮ್ಮ ಬರವಣಿಗೇಲಿ ಒಂದು ತಪ್ಪಿದೆ."

ನಾನು ಇಕ್ಕಳವನ್ನು ಬೂದಿಯೊಳಗೆ ತೂರಿಸಿ ಒಂದು ಆಲೂಗಡ್ಡೆಯನ್ನು ಹುಡುಕತೊಡಗಿದೆ.

"ಕೊನೇಲಿ ಇನ್ನೊಂದು ಅಕ್ಷರ ಬೇಕಿತ್ತಲ್ವಾ? ಇಷ್ಟು ವರ್ಷದಲ್ಲಿ ನಾನು ಬೆಳೆದಿದ್ದು ಒಂದೇ ಆಲೂಗಡ್ಡೆನಾ?"

ಮಿರ್ತಾ ಸೊಪ್ಪಿನ ಬುಟ್ಟಿಯನ್ನು ಎತ್ತಿಕೊಂಡು, ನಗುವಿನಿಂದ ಹೆಗಲು ಕುಲುಕುತ್ತ ಒಳಗೆ ಹೋದಳು. ನಾನು ತಲೆ ತಗ್ಗಿಸಿ ಆಲೂಗಡ್ಡೆಗಳನ್ನು ತಿರುವಿದೆ. ಬಹುವಚನದಲ್ಲಿ.