ಫ್ರಿಜ್ಜಿನಲ್ಲಿ ಕಪ್ಪೆಯ ಮೊಟ್ಟೆ

ಕಣ್ಣಾರೆ ಕಾಣದ್ದನ್ನು ಕಂಡವರ ಹಾಗೆ ವರ್ಣಿಸುವುದರಲ್ಲಿ ಮೇಷ್ಟ್ರುಗಳನ್ನು ಮೀರಿಸುವವರಿಲ್ಲ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಕಪ್ಪೆಯ ಭ್ರೂಣದಲ್ಲಿ ಜೀನುಗಳು ಎಚ್ಚರಗೊಳ್ಳುವ ಪಾಠವನ್ನಂತೂ ಬಲು ಜೋರಾಗಿ ಮಾಡುತ್ತೇನೆ. ಮೊದಲ ಕೆಲವು ತಾಸು ಭ್ರೂಣದ ಸ್ವಂತ ಜೀನುಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ತಾಯಿ ಮೊಟ್ಟೆಯೊಳಗೆ ತುಂಬಿಟ್ಟ ಸೂಚನೆಗಳ ಮೇಲೆಯೇ ಎಲ್ಲ ನಡೆಯುತ್ತದೆ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಎಲ್ಲವೂ ಕವಾಯತಿನ ಹಾಗೆ ಒಟ್ಟಿಗೆ ಒಡೆಯುತ್ತವೆ. ಜೀನುಗಳನ್ನು ಅದುಮಿಡುವ ಪ್ರೋಟೀನನ್ನೂ ತಾಯಿಯೇ ಇಟ್ಟಿರುತ್ತಾಳೆ. ಹನ್ನೆರಡು ಸಲ ಒಡೆದು ಕೋಶಗಳು ಸಾವಿರಾರು ಆಗುವ ಹೊತ್ತಿಗೆ ಅದು ಹಂಚಿ ಹಂಚಿ ಸಾಲದಾಗುತ್ತದೆ, ಹಿಡಿತ ಸಡಿಲುತ್ತದೆ, ಜೀನುಗಳು ಕೆಲಸಕ್ಕೆ ಇಳಿಯುತ್ತವೆ. ಆಮೇಲೆ ಒಂದೊಂದು ಕೋಶಕ್ಕೂ ಅದರದೇ ವೇಗ. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದಿದ್ದೆನೇ ಹೊರತು ನೋಡಿರಲಿಲ್ಲ.

ಈ ವರ್ಷ ಕವಿತಾ ಎಂಬ ವಿದ್ಯಾರ್ಥಿನಿ, “ಸರ್, ನೀವು ನೋಡೀರಾ?” ಎಂದು ಕೇಳಿದಳು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮಳೆ ಬೀಳಲಿ, ನಿಮಗೂ ತೋರಿಸುತ್ತೇನೆ ಎಂದುಬಿಟ್ಟೆ. ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತು. ವಿಡಿಯೋ ಹಾಕಿದ್ದರೆ ಸಾಕಿತ್ತಲ್ಲ ಎಂದು ನಕ್ಕು, ತಾವೂ ಬರುವುದಾಗಿ ಹೇಳಿದರು.

ಹರಿಹರದ ಕಡೆ ಕಡರನಾಯಕನಹಳ್ಳಿಯಲ್ಲಿ ನನ್ನ ತಂಗಿಯ ಮನೆ. ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಆರಕ್ಕೇ ಫೋನು ಮಾಡಿ, ಗದ್ದೆಯ ನೀರಿನಲ್ಲಿ ಕಪ್ಪೆ ಈಗಷ್ಟೇ ತತ್ತಿ ಇಡುತ್ತಿದೆ, ಬೇಗ ಬಾ ಎಂದಳು. ಬೈಕಿನಲ್ಲಿ ಓಡಿದೆ. ನೆನೆಸಿದ ಕಾಮಕಸ್ತೂರಿ ಬೀಜದಂಥ ಮೊಟ್ಟೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ಬಂದಾಗ ಎಂಟು ಗಂಟೆ. ಕ್ಲಾಸು ಇದ್ದದ್ದು ಮಧ್ಯಾಹ್ನ ಎರಡಕ್ಕೆ. ನಮ್ಮ ಊರಿನ ಸೆಕೆಗೆ ಜೀನುಗಳು ಎಚ್ಚರಗೊಳ್ಳುವ ಗಳಿಗೆ ಹತ್ತಕ್ಕೋ ಹನ್ನೊಂದಕ್ಕೋ ದಾಟಿಹೋಗುತ್ತದೆ. ತಂಪಿನಲ್ಲಿ ಬೆಳವಣಿಗೆ ನಿಧಾನ ಎಂಬುದು ನೆನಪಾಗಿ ಡಬ್ಬಿಯನ್ನು ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ ಇಟ್ಟು ಕಾಲೇಜಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಮೊಟ್ಟೆ ಎಂಬ ಮಾತೂ ಹೊಸ್ತಿಲು ದಾಟದ ಮನೆ ನಮ್ಮದು.

ಒಂದು ಗಂಟೆಗೆ ಬಂದು ನೋಡಿದರೆ ಫ್ರಿಜ್ಜು ಬಾಗಿಲು ತೆರೆದುಕೊಂಡು ಒಣಗುತ್ತಿತ್ತು. ಮೊಸರು, ದೋಸೆ ಹಿಟ್ಟು ಎಲ್ಲ ಮೋರಿ ಸೇರಿದ್ದವು. ಹೆಂಡತಿ ಗಿರಿಜಾ ನನ್ನ ಕಡೆ ನೋಡಲೂ ಇಲ್ಲ. ಹಿತ್ತಲಲ್ಲಿ ಅವ್ವ ಒಂದು ಅಗಲ ಬೋಗುಣಿಯ ಮುಂದೆ ಕೂತಿದ್ದಳು. ಮೊಟ್ಟೆಗಳು ಅದರಲ್ಲಿ, ಹಿಡಿದಿಟ್ಟ ಮಳೆನೀರಿನಲ್ಲಿ ತೇಲುತ್ತಿದ್ದವು.

“ಜೀವ ಇರೋವನ್ನ ಯಾರಾರ ಫ್ರಿಜ್ಜಿನಾಗೆ ಇಡ್ತಾರೇನೋ?” ಎಂದಳು. ಒಂಬತ್ತಕ್ಕೇ ತೆಗೆದಿಟ್ಟಿದ್ದಳಂತೆ. ಕಾಗೆ ಬರದಂತೆ ಅಲ್ಲೇ ಕಾವಲು ಕೂತಿದ್ದಳಂತೆ.

ನಾನು ತೋರಿಸುತ್ತೇನೆಂದ ಗಳಿಗೆ ಹೋಗಿಯೇ ಹೋಗಿತ್ತು. ಆದರೂ ಬೋಗುಣಿಯನ್ನೇ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪ್ರಿನ್ಸಿಪಾಲರ ಎದುರಿಗೇ, ಹೊತ್ತು ಮೀರಿದೆ, ನಿಜ ಹೇಳಬೇಕೆಂದರೆ ನಾನೂ ಇದನ್ನು ಯಾವತ್ತೂ ನೋಡಿದವನಲ್ಲ ಎಂದು ಒಪ್ಪಿಕೊಂಡೆ. ಅವರು ಗಡಿಯಾರ ನೋಡಿದರು. ಅಷ್ಟರಲ್ಲಿ ಮಸೂರದ ಮೇಲೆ ಬಗ್ಗಿದ್ದ ಕವಿತಾ, “ಸರ್, ಇಲ್ಲೊಂದು ಗೆರೆ ಐತೆ. ಉಗುರು ಒತ್ತಿದ ಗುರುತಿನ ಹಂಗೆ,” ಎಂದಳು.

ನೋಡಿದೆ. ಕೋಶಗಳು ಒಳಕ್ಕೆ ಮಡಚಿಕೊಳ್ಳತೊಡಗಿದ್ದವು. ಬರೀ ಒಡೆಯುವುದಾದರೆ ತಾಯಿ ಕೊಟ್ಟದ್ದು ಸಾಕು. ಹೀಗೆ ಮಡಚಿಕೊಳ್ಳಬೇಕಾದರೆ ಭ್ರೂಣದ ಜೀನುಗಳು ಕೆಲಸ ಶುರು ಮಾಡಿರಲೇಬೇಕು. ಅಂದರೆ ಅವು ಎಚ್ಚರಗೊಂಡದ್ದಕ್ಕೆ ಸಾಕ್ಷಿ ಬೋಗುಣಿಯಲ್ಲೇ ಇತ್ತು. ಇದನ್ನು ಹೇಳಿ ಮಸೂರ ಬಿಟ್ಟು ಪಕ್ಕಕ್ಕೆ ಸರಿದೆ. ಪ್ರಿನ್ಸಿಪಾಲರು ಬಹಳ ಹೊತ್ತು ಬಗ್ಗಿ ನೋಡಿದರು. ವಿಡಿಯೋ ಸುದ್ದಿ ಎತ್ತಲಿಲ್ಲ. ಫ್ರಿಜ್ಜಿನ ಚಳಿಯಲ್ಲೇ ಬಿಟ್ಟಿದ್ದರೆ ಮೊಟ್ಟೆಗಳು ಬಹುಶಃ ಸತ್ತೇ ಹೋಗುತ್ತಿದ್ದವು ಎಂಬುದು ನನಗೆ ಹೊಳೆದದ್ದು ಆಮೇಲೆ.

ಸಂಜೆ ಅವುಗಳನ್ನು ತಂಗಿಯ ಗದ್ದೆಗೇ ಬಿಟ್ಟು ಬಂದೆ. ಊಟಕ್ಕೆ ಕೂರುವಾಗ ಅವ್ವನಿಗೆ ಪಾಠವನ್ನೆಲ್ಲ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, “ಹಂಗಾದ್ರೆ ಅವು ತಾಯಿ ಮಾತು ಕೇಳೋದು ನಾಕೈದು ತಾಸು ಅಷ್ಟೇ ಏನು?” ಎಂದಳು. ಹೌದು, ಆಮೇಲೆ ಅವುಗಳದ್ದೇ ಕಾರುಬಾರು ಎಂದೆ.

“ಕೈ ತೊಳ್ಕಂಡು ಬಾ,” ಎಂದಳು.

ಐವತ್ತನಾಲ್ಕು ವರ್ಷದ ವಿಭಾಗ ಮುಖ್ಯಸ್ಥನಾದ ನಾನು ಎದ್ದು ಹೋಗಿ ತೊಳೆದುಕೊಂಡು ಬಂದೆ. ಸೋಪು ಹಚ್ಚಿದೆಯಾ ಎಂದು ಕೇಳಿದಳು. ಗಿರಿಜಾ ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. ನಾನು ಮತ್ತೆ ಎದ್ದೆ.