ಕಳ್ಳರಿಗೆ ಪ್ರವೇಶವಿಲ್ಲ

ಒಪ್ಪಿಕೊಂಡುಬಿಡುತ್ತೇನೆ, ನಾನು ಮೊದಲಿನಿಂದಲೂ ಪುಕ್ಕಲು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಚನ್ನಗಿರಿ ಬಸ್ ಸ್ಟ್ಯಾಂಡಿನಿಂದ ಮನೆಗೆ ಓಡಿ, ಬಸ್ ತಪ್ಪಿಸಿಕೊಂಡು, ಹೆಂಡತಿ ಗಿರಿಜೆಯಿಂದ ಉಗಿಸಿಕೊಂಡವನು. ಪುಕ್ಕಲರಲ್ಲಿ ಕೆಲವರು ಹೆದರಿ ಸುಮ್ಮನಿರುತ್ತಾರೆ. ನಾನು ಹೆದರಿ ಏನಾದರೊಂದು ಮಾಡುವವನು. ಅಕ್ಕಪಕ್ಕದವರಿಗೆ ಅಪಾಯ ನನ್ನಂಥವರಿಂದಲೇ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸೈಬರ್ ಅಪರಾಧದ ಬಗ್ಗೆ ಭಾಷಣಕ್ಕೆ ಬಂದವರೊಬ್ಬರು, "ನಿಮ್ಮ ವೈಫೈಯಲ್ಲಿ ಯಾರು ಏನು ಮಾಡಿದರೂ ಪೊಲೀಸರು ಬರುವುದು ನಿಮ್ಮ ಮನೆಗೇ" ಎಂದರು. ಮಕ್ಕಳು ಆಕಳಿಸಿದರು. ನನಗೆ ಆಗಲೇ ಬಾಗಿಲಲ್ಲಿ ಜೀಪು ನಿಂತಂತಾಯಿತು. ಮನೆಗೆ ಬಂದು ನೋಡಿದರೆ, ಇಬ್ಬರೇ ಇರುವ ಮನೆಯ ವೈಫೈಗೆ ಮೂರು ಫೋನ್ ಅಂಟಿಕೊಂಡಿವೆ! ಪಾಸ್‌ವರ್ಡ್ ನಮ್ಮ ಮನೆದೇವರ ಹೆಸರು. ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಅವನೇ ಮನೆದೇವರು. ತಕ್ಷಣ ಹದಿನಾರು ಅಕ್ಷರದ ಹೊಸ ಪಾಸ್‌ವರ್ಡ್ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ವೈಫೈಯ ಹೆಸರನ್ನೂ ಬದಲಿಸಬಹುದೆಂದು ಗೊತ್ತಾಗಿ, ಅಚ್ಚಗನ್ನಡ ಲಿಪಿಯಲ್ಲಿ 'ಕಳ್ಳರಿಗೆ ಪ್ರವೇಶವಿಲ್ಲ' ಎಂದು ಬರೆದೆ. ಬೀದಿಯ ಎಲ್ಲ ಫೋನುಗಳಲ್ಲೂ ಅದು ಕಾಣುತ್ತದೆಂದು ಹೆಮ್ಮೆಪಟ್ಟೆ.

ಮಾರನೆಯ ದಿನ ಗಿರಿಜೆ ಕೇಳಿದಳು: "ರೀ, ಆ ಮೂರನೇ ಫೋನು ಸರೋಜಕ್ಕಂದಲ್ಲೇನ್ರಿ? ಯುಗಾದಿ ದಿನ ಹೋಳಿಗೆ ತಿಂತಾ ನೀವೇ ಹಾಕಿಕೊಟ್ರಲ್ಲ?"

ಸರೋಜಕ್ಕ ನಮ್ಮ ಪಕ್ಕದ ಮನೆಯವರು, ಬ್ಲೌಸ್ ಹೊಲಿಯುತ್ತಾರೆ. ಅವರ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ನ್ಯಾಮತಿಯಲ್ಲಿರುವ ಮಗಳಿಗೆ ಮಗುವಾದ ಮೇಲೆ, ದಿನಾ ಮೂರು ಗಂಟೆಗೆ ಹೊಲಿಗೆ ಮಿಷನ್ ನಿಲ್ಲಿಸಿ ಮೊಮ್ಮಗನನ್ನು ಫೋನಿನಲ್ಲಿ ನೋಡುತ್ತಿದ್ದರು. "ನಮ್ಮದು ಬೇರೆ, ನಿಮ್ಮದು ಬೇರೆಯಾ ಸರೋಜಕ್ಕ?" ಎಂದು ಪಾಸ್‌ವರ್ಡ್ ಒತ್ತಿಕೊಟ್ಟ ಧಾರಾಳಿ ನಾನೇ. ಮರೆತಿದ್ದೆ. 

ಹೋಗಿ ಹೇಳುವಷ್ಟರಲ್ಲಿ ಅವರೇ ಬಂದರು. ಗಿರಿಜೆ ಹಿಂದಿನ ದಿನ ಪಲ್ಯ ಕಳಿಸಿದ್ದ ಸ್ಟೀಲ್ ಡಬ್ಬಿ ಕೈಯಲ್ಲಿತ್ತು. ನಮ್ಮ ಕಡೆ ಡಬ್ಬಿಯನ್ನು ಬರಿದು ಮಾಡಿ ಹಿಂತಿರುಗಿಸುವುದಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಮುಚ್ಚಳ ತೆಗೆದರೆ ಒಳಗೆ ನಮ್ಮ ಮನೆಯ ಇನ್ನೊಂದು ಕೀಲಿ. ಗಿರಿಜೆಯ ತವರು ಜಗಳೂರಿಗೆ ಹೋದಾಗಲೆಲ್ಲ ಹಾಲು ತೆಗೆದಿಡಲು, ತುಳಸಿಗೆ ನೀರು ಹಾಕಲು ಒಂಬತ್ತು ವರ್ಷದಿಂದ ಅವರಲ್ಲೇ ಇದ್ದದ್ದು.

"ಕಳ್ಳರ ಕೈಯಾಗೆ ಕೀಲಿ ಇರಬಾರ್ದು ಬಿಡ್ರಿ ಮೇಷ್ಟ್ರೆ" ಎಂದು ಹೊರಟುಹೋದರು.

ಆವತ್ತೇ ಹೆಸರು ಅಳಿಸಿದೆ. ಕ್ಷಮೆ ಮಾತ್ರ ಕೇಳಲಿಲ್ಲ. "ಹೋಗಿ ಒಂದ್ ಮಾತು ಹೇಳಿ ಬರಾಕೆ ಏನ್ರಿ ಕಷ್ಟ?" ಎಂದು ಗಿರಿಜೆ ದಿನಾ ಕೇಳಿದಳು, ನಾನು ದಿನಾ ನಾಳೆ ಎಂದೆ. ನಲವತ್ತು ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡುವ ನನಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಮೂರು ಗಂಟೆಯ ಬಿಸಿಲಿನಲ್ಲಿ ಸರೋಜಕ್ಕ ಸೆರಗು ತಲೆ ಮೇಲೆ ಹೊದ್ದು, ಸಿಗ್ನಲ್ ಹುಡುಕುತ್ತ ಬೀದಿ ತುದಿಯ ಟ್ಯಾಂಕಿನವರೆಗೆ ಹೋಗತೊಡಗಿದರು. "ಪುಟ್ಟಾ, ಅಜ್ಜಿ ಕಾಣ್ತಾಳೇನೋ? ಕಾಣಾಕಿಲ್ವಾ?" ಎನ್ನುವುದು ರಜೆಯ ದಿನಗಳಲ್ಲಿ ನನಗೂ ಕೇಳಿಸುತ್ತಿತ್ತು. ನಾನು ಕಿಟಕಿ ಹಾಕಿಕೊಂಡೆ.

ಕಳೆದ ಭಾನುವಾರ ಗಿರಿಜೆ ಜಗಳೂರಿಗೆ ಹೋಗಿದ್ದಳು. ಮಧ್ಯಾಹ್ನ ಕಸ ಹಾಕಲು ಹೊರಗೆ ಬಂದೆ. ಗಾಳಿಗೆ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಎಳೆದರೆ ತಾನೇ ಬೀಳುವ ಬೀಗ. ಹತ್ತು ವರ್ಷದ ಹಿಂದೆ ಕಳ್ಳರಿಗೆ ಹೆದರಿ ನಾನೇ ಹಾಕಿಸಿದ್ದು. ಒಂದು ಕೀಲಿ ಒಳಗೆ, ಸರೋಜಕ್ಕ ಹಿಂತಿರುಗಿಸಿದ ಇನ್ನೊಂದು ಗಿರಿಜೆಯ ಪರ್ಸಿನಲ್ಲಿ. ಅವಳ ಬಸ್ಸು ಬರುವುದು ಸಂಜೆ ಏಳಕ್ಕೆ.

ಮೆಟ್ಟಿಲ ಮೇಲೆ ಕೂತೆ. ಮೂರಕ್ಕೆ ಸರೋಜಕ್ಕ ಫೋನ್ ಹಿಡಿದು ಹೊರಬಂದರು. ನನ್ನನ್ನು ನೋಡಿ, ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟರು.

"ಕೀಲಿ ಒಳಗೈತೇನ್ರಿ?"

"ಹೂಂ ಸರೋಜಕ್ಕ."

"ನನ್ನ ಹತ್ರನೂ ಇಲ್ಲ ನೋಡ್ರಿ" ಎಂದು ಟ್ಯಾಂಕಿನ ಕಡೆ ನಡೆದರು.

ಕರೆಯಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ನೀರು ಸುರಿದುಕೊಂಡೆ. ಜೇಬಿನಲ್ಲಿ ಫೋನ್ ಟಿಣ್ ಎಂದಿತು. ತೆಗೆದು ನೋಡಿದರೆ ಮುಚ್ಚಿದ ಬಾಗಿಲಿನೊಳಗಿಂದ ವೈಫೈ ನನ್ನನ್ನು ಗುರುತು ಹಿಡಿದು ಸೇರಿಸಿಕೊಂಡಿತ್ತು.