ನೆವಿಲ್ ಡಗನ್ ಹಿಂದಿನ ಸೀಟು ಬಿಚ್ಚಿದ ದಿನ

ನೆವಿಲ್ ಡಗನ್‌ನ ಕೆಂಪು ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ವರ್ಷಗಳಿಂದ ಪಕ್ಕದ ಮನೆಯ ಬೆಕ್ಕು ಬಿಟ್ಟರೆ ಯಾರೂ ಕೂತಿರಲಿಲ್ಲ. ಆದರೂ ವರ್ಷವರ್ಷ ರಿಜಿಸ್ಟ್ರೇಷನ್ ಶುಲ್ಕ ಕಟ್ಟುವಾಗಲೆಲ್ಲ ಸರ್ಕಾರ, ಆ ಸೀಟಿನ ಮೇಲೆ ಒಬ್ಬರು ಕೂತಿದ್ದಾರೆ, ಅವರು ಬೀಳಬಹುದು, ಬಿದ್ದರೆ ಕಾಲು ಮುರಿಯಬಹುದು ಎಂದು ಊಹಿಸಿ ಅದಕ್ಕೂ ವಿಮೆ ಕಟ್ಟಿಸಿಕೊಳ್ಳುತ್ತಿತ್ತು. ಒಂದೇ ಸೀಟಿನ ಗಾಡಿಗೆ ವಿಮೆ ಬಹಳ ಕಡಿಮೆ ಎಂಬ ಸುದ್ದಿ ಆಸ್ಟ್ರೇಲಿಯಾದ ಬಂಡಬರ್ಗ್ ಊರಿನ ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದದ್ದೇ ತಡ, ನೆವಿಲ್‌ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಇಷ್ಟು ವರ್ಷ ತಾನು ಖಾಲಿ ಗಾಳಿಗೆ ಬಾಡಿಗೆ ಕಟ್ಟಿದೆನಲ್ಲ!

ಶುಕ್ರವಾರ ಅವನಿಗೆ ರಜೆ. ಬೆಳಗ್ಗೆ ಸ್ಪ್ಯಾನರ್ ಹಿಡಿದು ಹಿತ್ತಿಲಿಗೆ ಬಂದಾಗ ಹೆಂಡತಿ ಗ್ಲೆನಿಸ್ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲೋ ಕಟಾವಿಗೆ ಮುಂಚೆ ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಿದ್ದರು. ಕರಿ ತರಗು ಗಾಳಿಯಲ್ಲಿ ತೇಲಿ ಬಂದು ಬಿಳಿ ಹಾಸಿಗೆ ಬಟ್ಟೆಯ ಮೇಲೆ ಕೂರುತ್ತಿತ್ತು.

"ಗ್ಲೆನಿಸ್, ಬೈಕಿನ ಹಿಂದಿನ ಸೀಟು ತೆಗೀತಾ ಇದೀನಿ."

"ತೆಗೆದು?"

"ಒಂದೇ ಸೀಟಿನ ಗಾಡಿ ಮಾಡಿಸ್ತೀನಿ. ರಿಜಿಸ್ಟ್ರೇಷನ್ ಅಗ್ಗ ಆಗತ್ತೆ. ಹೆಂಗಿದ್ರೂ ಅಲ್ಲಿ ಯಾರು ಕೂರ್ತಾರೆ ಹೇಳು?"

ಗ್ಲೆನಿಸ್ ಹಲ್ಲಲ್ಲಿ ಕಚ್ಚಿಕೊಂಡಿದ್ದ ಬಟ್ಟೆ ಕ್ಲಿಪ್ಪನ್ನೂ ತೆಗೆಯದೆ "ಹೂಂ" ಅಂದಳು.

ಇಷ್ಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ಹೂಂ ಎಷ್ಟು ಬಗೆಯದಿರುತ್ತದೆ ಎಂದು ಗೊತ್ತಿರಬೇಕಿತ್ತು. ನೆವಿಲ್‌ಗೆ ಗೊತ್ತಿದ್ದದ್ದು ಒಂದೇ ಬಗೆ. ಅವನು ಶಿಳ್ಳೆ ಹಾಕುತ್ತ ಬೋಲ್ಟು ತಿರುಗಿಸಿದ.

ಸೀಟು ಕಳಚಿ ಬಂತು. ಹಿಂದೆ ಕೂತವರು ಕಾಲಿಡುವ ಕಂಬಿಗಳೂ ಬಂದವು. ಬೇಲಿಯಾಚೆಯಿಂದ ಪಕ್ಕದ ಮನೆಯ ಡೆಸ್ ಜಿರಾಫೆಯಂತೆ ಕತ್ತು ಚಾಚಿದ.

"ಏನ್ ಗುರೂ, ಗ್ಲೆನಿಸ್ ಸೀಟನ್ನೇ ಕಿತ್ತು ಬಿಸಾಕ್ತಿದೀಯ?"

"ಅವಳಿಗೆ ಬೇಕಾಗಿಲ್ಲ ಮಾರಾಯ. ಇನ್ಮೇಲೆ ನಾನೊಬ್ಬನೇ."

"ಒಬ್ಬನೇನಾ?"

"ಒಬ್ಬನೇ. ಖರ್ಚು ಕಮ್ಮಿ, ತಲೆನೋವಿಲ್ಲ. ಮೊದಲೇ ಮಾಡಬೇಕಿತ್ತು."

ಡೆಸ್ ಗಂಭೀರವಾಗಿ ತಲೆಯಾಡಿಸಿದ. "ಆ ಸೀಟು ನಂಗೆ ಕೊಡ್ತೀಯಾ? ಶೆಡ್ಡಲ್ಲಿ ಕೂರಕ್ಕಾಗತ್ತೆ."

"ತಗೊಂಡ್ಹೋಗು" ಅಂದ ನೆವಿಲ್, ರಾಜ ಜಹಗೀರು ಕೊಟ್ಟಂತೆ. ಡೆಸ್ ಸೀಟನ್ನು ಕಂಕುಳಲ್ಲಿಟ್ಟುಕೊಂಡು ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದ. ಅಲ್ಲಿ ಅವನ ಹೆಂಡತಿ ವಿಲ್ಮಾ ಇದ್ದಳು. ವಿಲ್ಮಾ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಹೆಂಗಸರ ಬೌಲ್ಸ್ ಕ್ಲಬ್ಬಿನ ಕಾರ್ಯದರ್ಶಿ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಗಾಡಿಯಲ್ಲಿ ಇಂಥ ಬದಲಾವಣೆ ಮಾಡಿದರೆ ಪರವಾನಗಿ ಇದ್ದವರೊಬ್ಬರು ನೋಡಿ ಒಪ್ಪಿಗೆಯ ಗುರುತಾದ ನೀಲಿ ತಗಡು ಹೊಡೆಯಬೇಕು. ಊರಲ್ಲಿ ಆ ಕೆಲಸ ಮಾಡುವವನು ಕಾರ್ಲೋ ಬೊನೆಟಿ. ಅವನು ಬೈಕಿನ ಸುತ್ತ ಬಂದು, ಬಗ್ಗಿ, ಎದ್ದು, ತಗಡು ಇಟ್ಟು ರಿವೆಟ್ ಹೊಡೆಯತೊಡಗಿದ.

"ಹೆಂಡ್ತಿ ಒಪ್ಪಿದಾಳಾ?"

"ಒಪ್ಪದೇ ಏನು? ಹೂಂ ಅಂದ್ಲು."

ಕಾರ್ಲೋನ ಕೈ ನಿಂತಿತು. "ಬರೀ ಹೂಂ ಅಂದ್ಲಾ? ಮುಂದೆ ಏನೂ ಅನ್ನಲಿಲ್ವಾ?"

"ಇಲ್ಲ."

ಕಾರ್ಲೋ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಉಳಿದ ರಿವೆಟ್ ಹೊಡೆದ.

ಸಾರಿಗೆ ಕಚೇರಿಯ ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಎರಡು ಸೀಟನ್ನು ಒಂದು ಮಾಡಿದಳು. ನೆವಿಲ್ ಹೊರಗೆ ಬಂದಾಗ ಎದೆ ಎರಡಿಂಚು ಉಬ್ಬಿತ್ತು. ಗೆದ್ದ ಖುಷಿಗೆ ಬಿಸಿ ಮಾಂಸದ ಪೈ ತಿನ್ನೋಣವೆಂದು ಬೇಕರಿಗೆ ನುಗ್ಗಿದ.

ಬೇಕರಿಯಾಕೆ ಪೈ ಜೊತೆಗೆ ಒಂದು ಲ್ಯಾಮಿಂಗ್ಟನ್ ಕೇಕನ್ನೂ ಪೊಟ್ಟಣಕ್ಕೆ ಹಾಕಿದಳು. "ಇದಕ್ಕೆ ದುಡ್ಡು ಬೇಡ ಕಣಪ್ಪ. ಹೊಟ್ಟೆಗೆ ಸರಿಯಾಗಿ ತಿನ್ನು. ಇಂಥ ಟೈಮಲ್ಲಿ ಗಂಡಸರು ಬರೀ ಬಿಯರ್ ಕುಡೀತಾ ಕೂತ್ಬಿಡ್ತಾರೆ."

ಇಂಥ ಟೈಮು ಎಂದರೆ ಯಾವ ಟೈಮು ಎಂದು ನೆವಿಲ್ ಯೋಚಿಸುತ್ತಿರುವಾಗಲೇ ಕಾರ್ಖಾನೆಯ ಫೋರ್‌ಮನ್ ಬಂದು ಅವನ ಹೆಗಲು ಹಿಡಿದ. ಹದಿನೈದು ವರ್ಷದಲ್ಲಿ ಒಮ್ಮೆಯೂ ಮುಟ್ಟದಿದ್ದ ಹೆಗಲು.

"ನೆವಿಲ್, ನಮ್ಮನೆ ಹಿಂದಿನ ಕೋಣೆ ಖಾಲಿ ಇದೆ. ನಾಯಿ ಮಲಗತ್ತೆ, ಆದ್ರೆ ಒಳ್ಳೆ ನಾಯಿ. ಎಷ್ಟು ದಿನ ಬೇಕಾದ್ರೂ ಇರು."

"ನನಗ್ಯಾಕೆ ಸಾರ್ ಕೋಣೆ?"

"ನೀನೂ ಗ್ಲೆನಿಸೂ ಬೇರೆ ಆದ್ರಂತಲ್ಲ. ಇನ್ಮೇಲೆ ಒಬ್ಬನೇ ಅಂತ ನೀನೇ ಹೇಳಿದ್ಯಂತೆ. ಅವಳದ್ದೆಲ್ಲ ಕಿತ್ತು ಹೊರಗೆ ಹಾಕಿದ್ಯಂತೆ!"

ನೆವಿಲ್ ಕಚ್ಚಿದ್ದ ಪೈ ಇನ್ನೂ ಬಾಯಲ್ಲೇ ಇತ್ತು. ಅದನ್ನು ನುಂಗಿದ್ದೂ ಬೈಕ್ ಹತ್ತಿದ್ದೂ ಒಟ್ಟಿಗೇ ಆಯಿತು. ದಾರಿಯಲ್ಲಿ, ಮರಿ ಮಾಡಿದ್ದ ಮ್ಯಾಗ್‌ಪೈ ಹಕ್ಕಿಯೊಂದು ಮರದಿಂದ ಎರಗಿ ಅವನ ಹೆಲ್ಮೆಟ್ಟನ್ನು ಟಕಟಕ ಕುಟ್ಟಿತು. ಹಕ್ಕಿಗೂ ಸುದ್ದಿ ಮುಟ್ಟಿರಬೇಕು ಅನ್ನಿಸಿತು ಅವನಿಗೆ.

ಮನೆ ಬಾಗಿಲಲ್ಲಿ ನೆರೆಹೊರೆಯವರು ತಂದಿಟ್ಟ ಬೇಯಿಸಿದ ಮೀನಿನ ತಟ್ಟೆಗಳು ಬೆಳ್ಳಿ ಹಾಳೆ ಹೊದ್ದು ಸಾಲಾಗಿ ಕೂತಿದ್ದವು, ಸಾವಿನ ಮನೆಗೆ ಕಳಿಸಿದಂತೆ. ಒಳಗೆ ಗ್ಲೆನಿಸ್ ಇರಲಿಲ್ಲ. ಗೇಟಿನ ಹತ್ತಿರ ವಿಲ್ಮಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಹುಡುಕಬೇಡ. ಕ್ಲಬ್ಬಲ್ಲಿದಾಳೆ. ನಮ್ಮ ಹೆಂಗಸರೆಲ್ಲ ಅವಳ ಜೊತೆ ಇದಾರೆ. ಯಾರವಳು ನೆವಿಲ್?"

"ಯಾರು ಯಾರು?"

"ಇನ್ನೊಬ್ಬಳು!"

"ಇನ್ನೊಬ್ಬಳೂ ಇಲ್ಲ, ಮತ್ತೊಬ್ಬಳೂ ಇಲ್ಲ! ಇನ್ನೊಬ್ಬಳಿದ್ರೆ ಹಿಂದಿನ ಸೀಟು ಯಾಕೆ ಬಿಚ್ತಿದ್ದೆ ನಾನು?"

ವಾದ ಗಟ್ಟಿಯಾಗಿತ್ತು. ಆದರೆ ವಿಲ್ಮಾ ಆಗಲೇ ಕಾರು ಹತ್ತಿ ಕ್ಲಬ್ಬಿನ ಕಡೆ ಹೊರಟಿದ್ದಳು.

ನೆವಿಲ್ ಮೆಟ್ಟಿಲ ಮೇಲೆ, ಮೀನಿನ ತಟ್ಟೆಗಳ ನಡುವೆ ಕುಸಿದು ಕೂತ. ಬೆಳಗಿನ ಆ ಹೂಂ ಈಗ ಕಿವಿಯಲ್ಲಿ ಬೇರೆ ರಾಗದಲ್ಲಿ ಕೇಳಿಸತೊಡಗಿತು. ಗ್ಲೆನಿಸ್ ನಿಜವಾಗಿಯೂ ನೊಂದಿದ್ದರೆ? ಅವಳು ಯಾಕೆ ಬೈಕ್ ಹತ್ತುವುದನ್ನು ಬಿಟ್ಟಳು ಎಂದು ತಾನು ಒಮ್ಮೆಯೂ ಕೇಳಲಿಲ್ಲವಲ್ಲ. ಅವಳಿಲ್ಲದ ಮನೆಯನ್ನು ಒಂದು ಕ್ಷಣ ಊಹಿಸಿಕೊಂಡ. ಫೋರ್‌ಮನ್ ಮನೆಯ ನಾಯಿಯೂ ಊಹೆಯಲ್ಲಿ ಬಂತು. ಎದ್ದು ನಿಂತ. ಸೀಟು ವಾಪಸ್ ಬರಬೇಕು, ಇವತ್ತೇ ಬರಬೇಕು.

ಡೆಸ್ ಆ ಹೊತ್ತಿಗೆ ಸೀಟನ್ನು ಮರದ ದಿಮ್ಮಿಗೆ ಮೊಳೆ ಹೊಡೆದು, ಅದರ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ.

"ಏಳೋ ಮೇಲೆ!"

"ಕೊಟ್ಟ ಸಾಮಾನು ವಾಪಸ್ ಕೇಳ್ತೀಯಲ್ಲೋ!"

"ಸಂಸಾರ ಉಳಿಯತ್ತೆ, ಏಳೋ!"

ಡೆಸ್ ಎದ್ದ. ಇಬ್ಬರೂ ಸೇರಿ ಜಗ್ಗಿದರು. ಮೊಳೆಗಳು ಬಂದವು, ಒಂದು ಮೂಲೆಯ ಸ್ಪಂಜೂ ಬಂತು. ನೆವಿಲ್ ಅದನ್ನು ಕಪ್ಪು ಟೇಪಿನಿಂದ ಸುತ್ತಿ, ಬೈಕಿಗೆ ಬಿಗಿದು, ಕಂಬಿ ಜೋಡಿಸಿ, ಮತ್ತೆ ಕಾರ್ಲೋನ ಮುಂದೆ ನಿಂತ.

ಕಾರ್ಲೋ ಸೀಟಿನ ಬೋಲ್ಟು ಜಗ್ಗಿ ನೋಡಿದ. ಹೊಸ ತಗಡು ಕೈಗೆತ್ತಿಕೊಂಡು, "ನೀನು ಬರ್ತೀಯ ಅಂತ ಗೊತ್ತಿತ್ತು, ಅಂಗಡಿ ಮುಚ್ಚಿರಲಿಲ್ಲ" ಎಂದಷ್ಟೇ ಹೇಳಿದ. ಶುಲ್ಕವನ್ನು ಮಾತ್ರ ಮತ್ತೆ ಪೂರ್ತಿ ತಗೊಂಡ.

ಕೌಂಟರಿನ ಹುಡುಗಿ ಕನ್ನಡಕ ಸರಿಮಾಡಿಕೊಂಡಳು. "ಬೆಳಗ್ಗೆ ಒಂದು ಸೀಟು, ಈಗ ಎರಡು ಸೀಟು. ನಾಳೆ ಬಸ್ಸು ಮಾಡಿಸ್ತೀರಾ ಸಾರ್?"

ಚಿಲ್ಲರೆಯನ್ನು ಎರಡು ಸಲ ಎಣಿಸದೆ ಜೇಬಿಗಿಳಿಸದ ನೆವಿಲ್ ಅಂದು ಕೇಳಿದಷ್ಟು ಕೊಟ್ಟು ಓಡಿದ. ಉಳಿತಾಯ ಹೋಗಲಿ, ಗ್ಲೆನಿಸ್ ಉಳಿದರೆ ಸಾಕು.

ಕ್ಲಬ್ಬಿನ ಕತ್ತರಿಸಿದ ಹುಲ್ಲಂಗಳದ ಅಂಚಿನಲ್ಲಿ ಬಿಳಿ ಉಡುಪಿನ ಹೆಂಗಸರು ಸಾಲಾಗಿ ನಿಂತಿದ್ದರು, ಬೆಳ್ಳಕ್ಕಿಗಳ ಹಿಂಡಿನ ಹಾಗೆ. ನಡುವೆ ಗ್ಲೆನಿಸ್. ನೆವಿಲ್ ಬೈಕ್ ನಿಲ್ಲಿಸಿ, ಅವಳಿಗೆಂದು ತಂದಿದ್ದ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ.

"ಗ್ಲೆನಿಸ್, ತಪ್ಪಾಯ್ತು. ನಿನ್ನ ಸೀಟು ವಾಪಸ್ ಹಾಕಿಸಿದೀನಿ. ಕಚೇರಿಲೂ ಎರಡು ಸೀಟು ಅಂತಾನೇ ಬರೆಸಿದೀನಿ. ಇನ್ನು ಆ ಸೀಟಿಗೆ ಸ್ಪ್ಯಾನರ್ ಮುಟ್ಟಿಸಲ್ಲ. ಮನೆಗೆ ಬಾ."

ಬೆಳ್ಳಕ್ಕಿಗಳ ಸಾಲಿನಿಂದ ನಿಟ್ಟುಸಿರು ಎದ್ದಿತು. ಯಾರೋ ಮೂಗು ಸೀಟಿದರು. ಗ್ಲೆನಿಸ್ ಮಾತ್ರ ಹಣೆಗೆ ಕೈ ಹಚ್ಚಿಕೊಂಡಳು.

"ಅಯ್ಯೋ, ಯಾಕೆ ಹಾಕಿಸ್ದೆ ನೆವಿಲ್?"

"ನೀನು ನೊಂದ್ಕೊಂಡ್ಯಲ್ಲ..."

"ನೊಂದ್ಕೊಂಡ್ನಾ? ಆ ಸೀಟು ಹೋಯ್ತು ಅಂದಾಗ ಎಷ್ಟು ಹಗುರ ಆಯ್ತು ಗೊತ್ತಾ? ನಿನ್ನ ಹಿಂದೆ ಕೂತ್ರೆ ಕಬ್ಬಿನ ಟ್ರ್ಯಾಕ್ಟರೆಲ್ಲ ನಮ್ಮನ್ನ ದಾಟ್ಕೊಂಡು ಹೋಗೋದು. ನಿದ್ದೆ ಬಂದು ಬೀಳ್ತೀನೇನೋ ಅಂತ ಹತ್ತೋದೇ ಬಿಟ್ಟೆ. ಮದುವೆಗೆ ಮುಂಚೆ ಅಪ್ಪನ ದನ ಅಟ್ಟೋಕೆ ನಾನೇ ಬೈಕ್ ಓಡಿಸ್ತಿದ್ದವಳು. ಲೈಸೆನ್ಸ್ ಇವತ್ತಿಗೂ ಬಿಟ್ಟಿಲ್ಲ. ನಂಗೊಂದು ಬೇರೆ ಗಾಡಿ ಬೇಕು ಅಂದ್ರೆ, ನಂಗೋಸ್ಕರ ಸೀಟು ಇಟ್ಕೊಂಡಿರೋ ನಿಂಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ."

"ಹೂಂ" ಅಂದ ನೆವಿಲ್.

"ಇವತ್ತು ಇವರೆಲ್ಲ ಸಮಾಧಾನ ಮಾಡಕ್ಕೆ ಕರ್ಕೊಂಡು ಬಂದ್ರು. ಇನ್ಮೇಲೆ ನಿನ್ನ ಕಾಲ ಮೇಲೆ ನೀನು ನಿಂತ್ಕೋ ಅಂದ್ರು. ಹಂಗೇನೂ ಇಲ್ಲ ಕಣ್ರೇ ಅಂದ್ರೂ ಕೇಳಲಿಲ್ಲ. ಕ್ಲಬ್ ಖಜಾಂಚಿ ಮಗನ ಗಾಡಿ ಮಾರಾಟಕ್ಕಿತ್ತು. ತಗೊಂಡ್ಬಿಟ್ಟೆ."

ಬೆಳ್ಳಕ್ಕಿಗಳು ಪಕ್ಕಕ್ಕೆ ಸರಿದವು. ಹಿಂದೆ ಒಂದು ಹಸಿರು ಮೋಟಾರ್‌ಸೈಕಲ್ ಫಳಫಳ ಹೊಳೆಯುತ್ತ ನಿಂತಿತ್ತು. ಅದಕ್ಕಿದ್ದದ್ದು ಒಂದೇ ಸೀಟು.

"ದುಡ್ಡು?" ನೆವಿಲ್‌ನ ದನಿ ಬಾವಿಯೊಳಗಿಂದ ಬಂದಂತಿತ್ತು.

"ನಮ್ಮಿಬ್ಬರ ಖಾತೆಯಿಂದಾನೇ. ನಿನ್ನ ಗಾಡಿ ವಿಮೆ ದುಡ್ಡು ಉಳಿಯತ್ತಲ್ಲ, ತೂಗಿಸ್ಬೋದು ಅಂತ ಧೈರ್ಯ ಮಾಡ್ದೆ. ಈಗ ನೋಡಿದ್ರೆ ನೀನು ಹೀಗೆ ಮಾಡ್ಕೊಂಡು ಬಂದಿದೀಯ. ಇರ್ಲಿ ಬಿಡು, ಬಾ, ಬರ್ಗಾರಾ ಕಡಲ ತನಕ ಹೋಗ್ಬರೋಣ."

ಅವಳು ಹೊಸ ಗಾಡಿಯ ಜೊತೆ ಬಂದಿದ್ದ ಹೆಲ್ಮೆಟ್ ಬಿಗಿದು, ಹಸಿರು ಗಾಡಿ ಹತ್ತಿ, ಕಬ್ಬಿನ ಗದ್ದೆಗಳ ನಡುವಿನ ರಸ್ತೆಗೆ ಬಾಣದಂತೆ ನುಗ್ಗಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ನೆವಿಲ್ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಹಿಂದಿನ ಸೀಟಿನ ಮೇಲಿಟ್ಟು ತನ್ನ ಬೈಕ್ ಹತ್ತಿ ಚಾಲೂ ಮಾಡಿದ. ಗಾಡಿಯ ಹಿಂಭಾಗ ಧೊಪ್ಪನೆ ಕುಗ್ಗಿತು. ತಿರುಗಿ ನೋಡಿದರೆ, ಗ್ಲೆನಿಸ್‌ಗೆಂದು ತಂದ ಹೆಲ್ಮೆಟ್ ಹಾಕಿಕೊಂಡು ವಿಲ್ಮಾ ಕೂತಿದ್ದಳು.

"ಹೆಂಗಿದ್ರೂ ಖಾಲಿ ಇದೆಯಲ್ಲ" ಅಂದಳು ಅವಳು, ಅವನ ಸೊಂಟ ಬಿಗಿಯಾಗಿ ಹಿಡಿದುಕೊಂಡು. "ನಡಿ, ನಡಿ. ಸ್ವಲ್ಪ ಜೋರಾಗಿ ಓಡ್ಸೋ ಮಾರಾಯ, ನಿನ್ನ ಹೆಂಡ್ತಿ ಆಗ್ಲೇ ಕಾಣಿಸ್ತಾ ಇಲ್ಲ!"